ಧೂಳೆಂದು ಅಳಿಸಿದ ಚುಕ್ಕೆಗಳು

ಅವತ್ತು ಬೆಳಿಗ್ಗೆ ಒಲೆ ಮುಂದೆ ನಿಂತಿದ್ದೆ. ಎಡಗಣ್ಣಿನೊಳಗೆ ಕರಿ ಎಳೆಯೊಂದು ತೇಲಿತು. ಕೂದಲು ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಹಾಲು ಉಕ್ಕುವ ಹೊತ್ತಿಗೆ ಎಳೆ ಹೋಗಿ ಹೊಗೆಯಾಗಿತ್ತು.

ಎಡಗಣ್ಣು ಹೋಯಿತು.

ಶುಗರಿನಿಂದ ರೆಟಿನಾದಲ್ಲಿ ರಕ್ತ ಸೋರಿದೆ, ಬಲಗಣ್ಣೂ ಅದೇ ದಾರಿಯಲ್ಲಿದೆ ಎಂದರು ಹಾಸನದ ಡಾಕ್ಟರಮ್ಮ. ನನಗೆ ನಂಬಿಕೆ ಬರಲಿಲ್ಲ. ಎರಡು ವರ್ಷದ ಹಿಂದೆ ಅರಸೀಕೆರೆಯ ನಮ್ಮದೇ ಕೊಬ್ಬರಿ ಮಂಡಿಯಲ್ಲಿ ಕಣ್ಣಿನ ಕ್ಯಾಂಪ್ ಆಗಿತ್ತು. ಜಾಗ ಕೊಟ್ಟವರು ನಮ್ಮ ಯಜಮಾನರು. ಕಣ್ಣಿನ ಒಳಗಿನ ಫೋಟೊ ತೆಗೆದು, ಕಂಪ್ಯೂಟರಿಗೆ ಹಾಕಿ, ನಾರ್ಮಲ್ ಎಂದಿದ್ದರು. ಆ ಧೈರ್ಯದ ಮೇಲೆ ನಾನು ಮತ್ತೆ ಯಾವ ಡಾಕ್ಟರಿಗೂ ಕಣ್ಣು ತೋರಿಸಿರಲಿಲ್ಲ.

ಡಾಕ್ಟರಮ್ಮ ಆ ಹಳೆಯ ಫೋಟೊಗಳನ್ನು ಕ್ಯಾಂಪಿನವರಿಂದ ತರಿಸಿದರು. ಬಲಗಣ್ಣನ್ನು ಸ್ಕ್ರೀನಿಗೆ ಹತ್ತಿರ ತಂದು ನೋಡಿದೆ. ಮೂಲ ಫೋಟೊದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಕಂಪ್ಯೂಟರ್ ಚೊಕ್ಕ ಮಾಡಿದ ಫೋಟೊದಲ್ಲಿ ಒಂದೂ ಇಲ್ಲ.

“ಇವೆಲ್ಲ ಎಲ್ಲಿಗೆ ಹೋದ್ವು ಡಾಕ್ಟ್ರೇ?”

“ಇಷ್ಟಕ್ಕಿಂತ ಸಣ್ಣ ಚುಕ್ಕೆ ಇದ್ರೆ ಅಳಿಸು ಅಂತ ಕಂಪ್ಯೂಟರಿಗೊಂದು ಅಳತೆ ಕೊಡ್ತಾರಮ್ಮ. ಇಲ್ಲಿ ಅಳತೆ ತೀರಾ ದೊಡ್ಡದಾಗಿದೆ. ಸಣ್ಣದು, ಮಧ್ಯಮ, ದೊಡ್ಡದು, ಎಲ್ಲ ಅಳತೇಲೂ ಬೇರೆ ಬೇರೆಯಾಗಿ ನೋಡ್ಬೇಕಿತ್ತು. ಈ ರೋಗ ಮೊದಲು ಕಾಣಿಸೋದೇ ಸಣ್ಣದರಲ್ಲಿ.”

ಅಳತೆ ಏರಿದ್ದು ಯಾಕೆ ಎಂದು ಕ್ಯಾಂಪಿನಲ್ಲಿ ಫೋಟೊ ತೆಗೆದ ಆಪರೇಟರೇ ಡಾಕ್ಟರಮ್ಮನಿಗೆ ಫೋನಿನಲ್ಲಿ ಹೇಳಿದ್ದ. ಮಂಡಿಯಲ್ಲಿ ಪಕ್ಕದಲ್ಲೇ ಕಾಯಿ ಸುಲಿಯುತ್ತಿದ್ದರು. ನಾರಿನ ಧೂಳು ಲೆನ್ಸಿನ ಮೇಲೆ ಕೂತು ಎಲ್ಲರ ಫೋಟೊದಲ್ಲೂ ಚುಕ್ಕೆ ಬರುತ್ತಿತ್ತಂತೆ. ಲೆನ್ಸ್ ಒರೆಸುವ ಬದಲು ಪುಣ್ಯಾತ್ಮ ಅಳತೆ ಏರಿಸಿದ. ಧೂಳಿನ ಜೊತೆ ನನ್ನ ರಕ್ತವೂ ಅಳಿಸಿಹೋಯಿತು.

ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ.

“ಹೋಗ್ಲಿ ಬಿಡೇ, ಅವ್ರೇನು ಬೇಕೂಂತ ಮಾಡಿದ್ರಾ?” ಎಂದರು ಯಜಮಾನರು.

“ಬೇಕೂಂತ ಮಾಡಿದ್ರೆ ಹಾಳಾಗೋಗ್ಲಿ ಅಂತ ಬೈದು ಸುಮ್ನಾಗ್ತಿದ್ದೆ ಕಣ್ರೀ. ಒಂದು ಬಟ್ಟೆ ತಗಂಡು ಒರ್ಸಕ್ಕೆ ಸೋಮಾರಿತನ!”

ಬಲಗಣ್ಣಿಗೆ ಲೇಸರ್ ಶುರುವಾಯಿತು. ಸಿಟಿಂಗ್ ಮೇಲೆ ಸಿಟಿಂಗ್. ಇದೂ ಹೋದರೆ ಬಚ್ಚಲಿಗೂ ಗಂಡನ ಕೈ ಹಿಡಿದೇ ಹೋಗಬೇಕಲ್ಲ ಎಂಬ ಭಯ. ಭಯ ಜಾಸ್ತಿಯಾದಷ್ಟೂ ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯುತ್ತಿದ್ದೆ.

ಕೊನೆಗೆ ಡಾಕ್ಟರಮ್ಮ, “ಸದ್ಯಕ್ಕೆ ಉಳೀತಮ್ಮ” ಎಂದರು.

ಸದ್ಯಕ್ಕೆ. ಅಷ್ಟಕ್ಕೇ ಅವರಿಗೆ ಕೈ ಮುಗಿದೆ.

ಮೊನ್ನೆ ಅದೇ ತಂಡ ಬೇಲೂರಿನಲ್ಲಿ ಕ್ಯಾಂಪ್ ಹಾಕಿದೆ ಎಂದು ತಿಳಿಯಿತು. ಯಜಮಾನರನ್ನು ಹೊರಡಿಸಿಕೊಂಡು ಬಸ್ಸು ಹತ್ತಿದೆ. ಅರಸೀಕೆರೆ ಕೊಬ್ಬರಿ ಮಂಡಿಯವಳು ಎಂದು ಹೇಳಿ ಅದೇ ಆಪರೇಟರ್ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

“ಮೊದ್ಲು ಲೆನ್ಸ್ ಒರ್ಸಪ್ಪ. ಆಮೇಲೆ ಕಂಪ್ಯೂಟರ್ ಮುಟ್ಟದೇ ಇರೋ ಫೋಟೊ ತೋರ್ಸು.”

ತಲೆ ಎತ್ತದೆ ಒರೆಸಿದ. ಹಳೇಬೀಡಿನ ಹೆಂಗಸೊಬ್ಬರು ಕೂತರು. ಅವರ ಕಣ್ಣಿನ ಫೋಟೊ ಬಂತು. ಸಣ್ಣ ಕೆಂಪು ಚುಕ್ಕೆಗಳು ಅದರಲ್ಲೂ ಇದ್ದವು.

ಆಪರೇಟರ್ ನನ್ನ ಮುಖ ನೋಡಿದ. ನಾನೂ ಇರುವ ಒಂದು ಕಣ್ಣಲ್ಲಿ ಅವನನ್ನೇ ನೋಡಿದೆ.

“ಈ ಅಮ್ಮಂಗೆ ಹಾಸನಕ್ಕೆ ಚೀಟಿ ಬರಿ” ಎಂದೆ.

ಬರೆದ.