ಹೊರಮಾವಿನಿಂದ ಆದಿಕಾಂಡದವರೆಗೆ

ಭಾನುವಾರ ಎರಡು ಗಂಟೆಗೆ ಹೊರಮಾವು ಬಿಟ್ಟಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಶಿವಾಜಿನಗರದ ನಮ್ಮ ಚರ್ಚಿಗೆ ಹತ್ತು ಹನ್ನೊಂದು ಕಿಲೋಮೀಟರು. ಜೊತೆಗೆ ಹದಿನಾರರ ಮಗಳು ಪ್ರೇರಣಾ, ಮುಖ ಊದಿಸಿಕೊಂಡು. ಅಂದು ಅವಳು ಸಭಾಪಾಲಕರಾದ ಅಯ್ಯನವರ ಮುಂದೆ ನಮ್ಮ ನಂಬಿಕೆಯ ಸಾಲುಗಳಾದ ವಿಶ್ವಾಸಪ್ರಮಾಣವನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ಮುಂದಿನ ವಾರ ಸಭೆಯ ಪೂರ್ಣ ಸದಸ್ಯಳಾಗುವ ದೃಢೀಕರಣವಿಲ್ಲ, ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನವೂ ಇಲ್ಲ.

ಎಡವಟ್ಟಾದದ್ದು ದೃಢೀಕರಣ ತರಗತಿಯ ಬರವಣಿಗೆಯ ಪರೀಕ್ಷೆಯಲ್ಲಿ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಪ್ರಕಾರ ಸೃಷ್ಟಿಗೆ ಎಷ್ಟು ದಿನ ಹಿಡಿಯಿತು ಎಂಬ ಪ್ರಶ್ನೆಗೆ ಆರು ಎನ್ನುವ ಬದಲು ಈ ಪುಣ್ಯಾತ್ಗಿತ್ತಿ, ‘ಸೂರ್ಯ ಹುಟ್ಟಿದ್ದೇ ನಾಲ್ಕನೆಯ ದಿನ. ಮೊದಲ ಮೂರು ದಿನಕ್ಕೆ ಎಷ್ಟೆಷ್ಟು ಗಂಟೆ?’ ಎಂದು ಬರೆದಿದ್ದಳು! ಅದಕ್ಕೇ ಅಯ್ಯನವರು ನನ್ನನ್ನೂ ಕರೆಸಿದ್ದರು.

ಆಟೋದಲ್ಲಿ ಬೆನ್ನಿಗಾನಹಳ್ಳಿ, ಅಲ್ಲಿಂದ ಮೆಟ್ರೊ. ಇಂದಿರಾನಗರ ದಾಟಿದ ಮೇಲೆ ಬಾಯಿಬಿಟ್ಟಳು. “ಅಪ್ಪಾ, ಸೈನ್ಸ್ ಎಲ್ಲಾ ಸುಳ್ಳು ಅಂತ ಹೇಳ್ಸಿದ್ರೆ ನಾನು ಒಪ್ಸಲ್ಲ.”

“ಅಯ್ಯೋ, ಸುಮ್ನೆ ಒಪ್ಸಿ ಬಂದ್ಬಿಡೇ ತಾಯಿ!”

“ಸುಮ್ನೆ ಹೆಂಗಪ್ಪಾ?”

ಹಲಸೂರಿನಲ್ಲಿ ಇಳಿದು ಮತ್ತೆ ಆಟೋ ಹಿಡಿದೆವು. “ಸಂಡೇನೂ ಎಗ್ಸಾಮಾ ಬೇಟಾ?” ಎಂದು ಕನಿಕರಪಟ್ಟ ಚಾಲಕ ಭಾಯಿ ಗಲ್ಲಿಗಳಲ್ಲಿ ನುಸುಳಿ ಹದಿನೈದೇ ನಿಮಿಷಕ್ಕೆ ತಲುಪಿಸಿದರು.

ಅಯ್ಯನವರು ಉತ್ತರಪತ್ರಿಕೆ ಹಿಡಿದು ಚರ್ಚಿನ ಮೆಟ್ಟಿಲ ಮೇಲೆಯೇ ನಿಂತಿದ್ದರು.

“ಬಾಮ್ಮಾ. ಕಾಲೇಜಲ್ಲಿ ನಾನು ಓದಿದ್ದು ಭೂಗರ್ಭಶಾಸ್ತ್ರ, ಗೊತ್ತಾ? ಈ ಮೆಟ್ಟಿಲ ಕಲ್ಲು ನಮ್ಮೂರಿನ ಬಂಡೆ. ಹತ್ರಹತ್ರ ಮುನ್ನೂರು ಕೋಟಿ ವರ್ಷದ್ದು. ದಿನಾ ಇದನ್ನೇ ತುಳ್ಕೊಂಡು ಒಳಗೆ ಹೋಗಿ ಆದಿಕಾಂಡ ಓದ್ತೀನಿ. ಇನ್ನೂ ಕಾಲು ಜಾರಿಲ್ಲ.”

ಪ್ರೇರಣಾ ಕಿಸಕ್ಕನೆ ನಕ್ಕಳು. “ಹಂಗಾದ್ರೆ ಆರು ದಿನ?”

“ದೇವರಿಗೆ ಅವಸರ ಇತ್ತು ಅಂತ ಯಾರಮ್ಮಾ ಹೇಳಿದ್ದು? ಗಂಟೆ ಲೆಕ್ಕ ಹಾಕೋಕೆ ಬರೆದಿದ್ದಲ್ಲ ಅದು. ಮಾಡಿದ್ದನ್ನೆಲ್ಲಾ ನೋಡಿ ಆತ ಖುಷಿಪಟ್ಟ ಅಂತ ಹೇಳೋಕೆ ಬರೆದಿದ್ದು. ನಂಬ್ತೀಯಾ?”

ಅವಳು ಕಲ್ಲನ್ನೊಮ್ಮೆ ಮುಟ್ಟಿ ನೋಡಿದಳು. “ನಂಬ್ತೀನಿ ಅಯ್ಯನವರೇ.” ಅಲ್ಲೇ ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಕುಣಿಯುವಷ್ಟು ಖುಷಿಯಾಯಿತು ನನಗೆ.

ರಸೆಲ್ ಮಾರ್ಕೆಟ್ ಬಳಿ ಬಿಸಿ ಸಮೋಸಾ ತಿಂದು ವಾಪಸು ಮೆಟ್ರೊ ಹತ್ತಿದೆವು. “ನಿನ್ನ ಕಾಲದಲ್ಲಿ ಅಯ್ಯನವರು ಏನು ಕೇಳಿದ್ರಪ್ಪಾ?”

“ಅವರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬಾಯಿಪಾಠ ಒಪ್ಸಿ ಮನೆಗೆ ಬಂದೆ.”

“ಈಗ ಒಪ್ಸು, ಕೇಳ್ತೀನಿ.”

ನಗುತ್ತಲೇ ಶುರು ಮಾಡಿದೆ. ಭೂಮಿ ಆಕಾಶಗಳನ್ನು ಮಾಡಿದವನ ಮಾತು ಬರುವುದು ಮೊದಲ ಸಾಲಿನಲ್ಲೇ. ಕಿಟಕಿಯಾಚೆ ಬೆಳ್ಳನೆಯ ಆಕಾಶ ಕಂಡಿತು. ಅದನ್ನೇ ನೋಡುತ್ತಾ ಬಾಯಿಪಾಠದ ಆ ಸಾಲನ್ನು ಮತ್ತೆ ಮೊದಲಿನಿಂದ, ಒಂದೊಂದೇ ಪದವಾಗಿ ಹೇಳತೊಡಗಿದೆ. ಬೆನ್ನಿಗಾನಹಳ್ಳಿ ಬಂದರೂ ನಾನು ಆ ಸಾಲು ದಾಟಿರಲಿಲ್ಲ.