ಚರಗ ಬೀಳದ ಅರ್ಧ ತಾಕು

ಕಾವ್ಯಾ, ಬಸವರಾಜು, ನಿಮ್ಮ ಚಿಕ್ಕಮ್ಮ ಗಿರಿಜಾ ಈ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ತನ್ನ ದೊಡ್ಡಪ್ಪನಿಗೆ ಅಡ್ಡ ನಿಂತಳು. ಎರಡೂ ಕೈ ಚಾಚಿ, ದನ ತಡೆಯುವವರ ಹಾಗೆ!

(ಓದುಗರು ಕ್ಷಮಿಸಬೇಕು. ಈ ವಾರದ ಅಂಕಣದ ಮಾತೆಲ್ಲ ಮೊಮ್ಮಕ್ಕಳ ಜೊತೆ. ನೀವೂ ಕೇಳಿಸಿಕೊಳ್ಳಿ.)

ನನ್ನ ಕಿರಿಮಗಳು ಗಿರಿಜಾ ಹಗರಿಬೊಮ್ಮನಹಳ್ಳಿಯಲ್ಲಿ ಬಿಎಸ್ಸಿ ಎರಡನೇ ವರ್ಷ. ಹೋದ ವರ್ಷದ ತನಕ ಅವಳ ಸೈನ್ಸ್ ಎಂದರೆ ನೋಟ್ಸ್ ಬಾಯಿಪಾಠ. ಈ ವರ್ಷ ಶಾಹೀನ್ ಮೇಡಂ ಬಂದರು. ಪಾರ್ಟ್ ಟೈಮ್ ಲೆಕ್ಚರರ್, ಅಲ್ಲಿನ ಮೆಕ್ಯಾನಿಕ್ ಒಬ್ಬರ ಮಗಳು. "ನಿಮ್ಮ ಹೊಲದಾಗ ಎಂಥೆಂಥ ಹುಳ ಅದಾವ, ನೋಡಿಕೊಂಡು ಬಾ" ಎಂದರು. ಅಷ್ಟೇ. ಹುಡುಗಿ ಜೋಳದ ಹೊಲದ ಕೊನೆಯ ತಾಕಿನಲ್ಲಿ ಪ್ಲಾಸ್ಟಿಕ್ ಲೋಟಗಳನ್ನು ಬಾಯಿಮಟ್ಟ ಹೂತು, ಸೋಪಿನ ನೀರು ಹಾಕಿ, ಬಿದ್ದ ಹುಳ ಎಣಿಸತೊಡಗಿದಳು. ಪ್ರಾಜೆಕ್ಟ್ ಅಂತೆ!

ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಉಣಿಸದಿದ್ದರೆ ನಡೆದೀತೆ? ಕಡುಬು, ರೊಟ್ಟಿ, ಪಲ್ಯ ಕಲಸಿದ ಚರಗವನ್ನು ಹೊಲದ ತುಂಬ ಚೆಲ್ಲಬೇಕು. ಒಂದು ಮೂಲೆಯನ್ನೂ ಬಿಡುವಂತಿಲ್ಲ. ನಿಮ್ಮ ತಾತ ಹೋದ ಮೇಲೆ ಬೇಸಾಯವೆಲ್ಲ ಅವರ ಅಣ್ಣ, ನನ್ನ ಭಾವನವರದು. ಗಿರಿಜಾ ಓದಬೇಕೋ ಬಿಡಬೇಕೋ ಎಂಬುದೂ ಅವರ ಕೈಯಲ್ಲೇ.

ಅವರು ಚರಗದ ಪುಟ್ಟಿ ಹಿಡಿದು ಆ ತಾಕಿಗೆ ಬಂದರು.

"ದೊಡ್ಡಪ್ಪ, ಇಲ್ಲಿ ಬ್ಯಾಡ. ಚರಗ ಬಿದ್ರ ಇರಿವಿ ಮುತ್ತತಾವ. ನನ್ನ ಲೆಕ್ಕ ಎಲ್ಲಾ ಕೆಡ್ತೈತಿ."

"ಲೇ ಹುಡುಗಿ, ಸರಿ ಅತ್ತಾಗ. ಇರಿವಿ ಎಣಸಾಕ ಕಾಲೇಜಿಗೆ ಕಳಿಸೀನೇನು ನಿನ್ನ?"

ನೆಂಟರು ನಕ್ಕರು. ಹೊಲದ ಊಟಕ್ಕೆ ನಾವು ಕರೆದಿದ್ದ ಶಾಹೀನ್ ಮೇಡಂ ಅಲ್ಲೇ ಇದ್ದರು. ಭಾವನವರು ಅವರತ್ತ ತಿರುಗಿದರು.

"ಏನ್ರಿ ಮೇಡಂ, ನಿಮ್ಮ ಹುಳ ದೊಡ್ಡವೋ, ನಮ್ಮ ಭೂಮ್ತಾಯಿ ದೊಡ್ಡಾಕಿಯೋ? ನೀವ ಹೇಳ್ರಿ."

ನಗು ನಿಂತಿತು. ಪರವೂರಿನ ಹುಡುಗಿ, ಪರಧರ್ಮದವಳು. ಏನು ಹೇಳಿದರೂ ತಪ್ಪೇ. ಮೇಡಂ ಗಿರಿಜಾಳನ್ನು ನೋಡಿದರು. "ಪ್ರಾಜೆಕ್ಟ್ ನಿಂದೈತಿ. ಏನು ಮಾಡ್ತಿ, ನೀನ ಹೇಳು."

ನನಗೆ ಸಿಟ್ಟು ಬಂತು. ಗುರುವಾದವಳು ಶಿಷ್ಯೆಯನ್ನು ಹೀಗೆ ನಡುಹೊಲದಲ್ಲಿ ಕೈಬಿಡುವುದೇ?

ಗಿರಿಜಾ ಚಾಚಿದ್ದ ಕೈ ಇಳಿಸಿದಳು. ಲೋಟ ನೋಡಿದಳು, ಪುಟ್ಟಿ ನೋಡಿದಳು. "ದೊಡ್ಡಪ್ಪ, ಈ ತಾಕಿನಾಗ ಅರ್ಧಕ್ಕ ಚೆಲ್ಲು, ಅರ್ಧ ಬಿಡು. ಚರಗ ಬಿದ್ದಲ್ಲಿ ಎಂಥ ಹುಳ ಬರ್ತಾವ, ಬೀಳದಲ್ಲಿ ಎಂಥವು ಬರ್ತಾವ, ಎರಡೂ ನೋಡ್ತೀನಿ."

"ಅಂದ್ರ ತಾಯೀನ ಅರ್ಧ ಹೊಟ್ಟ್ಯಾಗ ಎಬ್ಬಿಸು ಅಂತಿ?" ಭಾವನವರ ದನಿ ಏರಿತು.

ಅವರ ಎದುರು ನಾನು ಎಂದೂ ಬಾಯಿ ಬಿಟ್ಟವಳಲ್ಲ. ಸೆರಗು ಎಳೆದುಕೊಂಡು ಬದುವಿನ ಮೇಲೆ ನಿಲ್ಲುವವಳು. ಅವತ್ತು ಮಾತು ತಾನೇ ಹೊರಬಿತ್ತು. "ಆ ಅರ್ಧದ ಪಾಪ ನನಗಿರಲಿ ಭಾವಾರ. ಬೆಳಿ ಕೆಟ್ರ ನನ್ನ ಪಾಲಿನ ಜ್ವಾಳದಾಗ ಮುರಕೊಳ್ರಿ."

ಅವರು ನನ್ನತ್ತ ನೋಡಲಿಲ್ಲ. ಗಿರಿಜಾಗೆ ಹೇಳಿದರು: "ಅಲ್ಲಿ ತೆನಿ ಜೊಳ್ಳಾದ್ರ ಕಾಲೇಜು ಬಂದ್. ತಿಳೀತೇನು?"

ಆಮೇಲಿನ ದಿನಗಳು ಹೇಗಿದ್ದವು ಎಂದು ಕೇಳಬೇಡಿ. ಗಿರಿಜಾ ಹುಳ ಎಣಿಸುತ್ತಿದ್ದಳು, ನಾನು ತೆನೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಮೇಡಂ ಆಗಾಗ ಬಂದು ಬದುವಿನ ಮೇಲೆ ಕೂತು ಬರೀ ಪ್ರಶ್ನೆ ಕೇಳಿ ಹೋಗುತ್ತಿದ್ದರು. (ಒಂದಕ್ಕಾದರೂ ಉತ್ತರ ಹೇಳಬಾರದೆ?) ಡಿಗ್ರಿ ಮುಗಿಸಿ ಟೀಚರ್ ಆದರೆ ಸಾಕು ಎನ್ನುತ್ತಿದ್ದ ಹುಡುಗಿ ಎಮ್ಮೆಸ್ಸಿ ಎಂದು ಕನವರಿಸತೊಡಗಿದ್ದೂ ಆಗಲೇ. ಇತ್ತ ಕಾಲೇಜೇ ಉಳಿಯುವುದೋ ಇಲ್ಲವೋ!

ಸುಗ್ಗಿ ಬಂತು. "ಆ ತಾಕಿಂದು ಎರಡು ಅರ್ಧಾನೂ ಬ್ಯಾರೆ ಬ್ಯಾರೆ ಒಟ್ರಿ" ಎಂದರು ಭಾವನವರು. ಬೇರೆ ಬೇರೆ ಬಡಿಸಿ, ಬೇರೆ ಬೇರೆ ತೂರಿಸಿ, ಎರಡನ್ನೂ ತಾವೇ ಅಳೆದರು. ಗಿರಿಜಾ, ಮೇಡಂ, ನಾನು ಕಣದ ಅಂಚಿನಲ್ಲಿ ನಿಂತು ಒಂದೊಂದು ಅಳತೆಯನ್ನೂ ಎಣಿಸುತ್ತಿದ್ದೆವು.

ಹೆಚ್ಚುಕಡಿಮೆ ಸರಿಸಮ.

ಭಾವನವರು ಎರಡೂ ರಾಶಿಯ ಕಾಳು ಕಚ್ಚಿ ನೋಡಿದರು. "ಒಂದ ವರ್ಷದಾಗ ಏನ್ ಗೊತ್ತಾಗ್ತೈತಿ? ಮುಂದಿನ ವರ್ಷಾನೂ ಹಿಂಗ ನೋಡಬೇಕು" ಎಂದು ಎದ್ದು ಹೋದರು.

"ದೊಡ್ಡಪ್ಪನ್ನೂ ಪ್ರಾಜೆಕ್ಟಿಗೆ ಸೇರಿಸ್ಕೊ" ಎಂದು ಮೇಡಂ ಗಿರಿಜಾಳ ಕಿವಿಯಲ್ಲಿ ಪಿಸುಗುಟ್ಟಿದರು.

ನಾನು ತಡೆಯಲಾರದೆ ಕೇಳಿದೆ: "ಅರ್ಧ ಬಿಡೋದು ನಿಮಗ ಅವತ್ತೇ ಹೊಳೆದಿತ್ತೇನ್ರಿ?"

"ಹೊಳೆದಿತ್ತಮ್ಮಾ. ನಾನು ಹೇಳಿದ್ರ ಅದು ನನ್ನ ಪ್ರಾಜೆಕ್ಟ್ ಆಗ್ತಿತ್ತು."

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕಾದ ಕಷ್ಟ ನಿಮಗೂ ಒಂದು ದಿನ ಬರುತ್ತದೆ.