ಅಕ್ಕನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್

ಜಮಖಂಡಿಯ ವಕೀಲೆಯೊಬ್ಬರ ಬಗ್ಗೆ ಅಕ್ಕ ತನ್ನ ಲ್ಯಾಪ್‌ಟಾಪಿನಿಂದ ನನಗೆ ಬರೆದದ್ದು ಎರಡೇ ಸಾಲು. ಅವರನ್ನು ಇನ್ನೂ ಕಂಡಿರಲಿಲ್ಲ, ಫೋನೂ ಮಾಡಿರಲಿಲ್ಲ. ಅದೇ ಸಂಜೆ ಭಾವ ರೊಟ್ಟಿ ಮುರಿಯುತ್ತ ಕೇಳಿದನಂತೆ: "ವಕೀಲ ಮೇಡಮ್ಮಾರು ಏನ್ ಅಂದ್ರು?"

ಇದನ್ನು ಅಕ್ಕ ನನಗೆ ಹೇಳಿದ್ದು ಬನಹಟ್ಟಿಯಲ್ಲಿ, ನೆಂಟರ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಹೆಂಗಸರ ಹಾಡಿನ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು. ಭಾವ ಹೊಡೆಯುತ್ತಾನೆಂಬುದು ನನಗೆ ಗೊತ್ತಿತ್ತು. ಕಾವಲು ಕಾಯುತ್ತಾನೆಂಬುದು ಗೊತ್ತಿರಲಿಲ್ಲ.

"ಏನ್ ಟೈಪ್ ಮಾಡಿದ್ರೂ ಅವರಿಗೆ ತಿಳೀತೈತಿ. ಪೆನ್‌ಡ್ರೈವ್ ಹಚ್ಚಿದ್ರೂ ತಿಳೀತೈತಿ. ನನ್ನ ಓದಿನ ಸರ್ಟಿಫಿಕೇಟ್ ಎಲ್ಲಾ ಹರದ್ ಹಾಕ್ಯಾರ. ಸ್ಕ್ಯಾನ್ ಮಾಡಿದ್ದು ಅಷ್ಟ ಉಳದೈತಿ. ಗಾಯದ ಫೋಟೋನೂ ಅದಾವ, ಅಡಿಗಿ ಫೋಟೋದಾಗ ಬೆರಸಿಟ್ಟೇನಿ. ಹೊರಗ ಹೆಂಗ ತಗೀಲಿ?"

ನಾನು ಪವರ್‌ಲೂಮ್‌ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುವವಳು. ಅಂಚು, ಸೆರಗು, ಬಣ್ಣ ಬಿಟ್ಟರೆ ಆ ಯಂತ್ರದ ಒಳಗಿನದು ನನಗೆ ಹೆಚ್ಚು ತಿಳಿಯದು. ಓದುತ್ತ ಹೋದೆ. ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ, ಭದ್ರತೆಗೆಂದೇ ಮಾಡಿದ ಒಂದು ಲಿನಕ್ಸ್ ಇದೆ ಎಂದು ತಿಳಿಯಿತು. ಅದು ಪೆನ್‌ಡ್ರೈವಿನಿಂದಲೇ ಶುರುವಾಗುತ್ತದೆ; ಲ್ಯಾಪ್‌ಟಾಪಿನೊಳಗಿನ ವಿಂಡೋಸ್ ಏಳುವುದೇ ಇಲ್ಲ, ಆದ್ದರಿಂದ ಭಾವ ಅದರೊಳಗೆ ಕೂರಿಸಿದ ಗುಪ್ತ ಕಾವಲುಗಾರನೂ ಏಳುವುದಿಲ್ಲ. ಪೆನ್‌ಡ್ರೈವ್ ಕಿತ್ತರೆ ಯಂತ್ರ ಆರುತ್ತದೆ, ಮಾಡಿದ್ದೆಲ್ಲ ಮರೆತುಬಿಡುತ್ತದೆ.

ನನ್ನ ಕಂಪ್ಯೂಟರಿಗೆ ಹಾಕಿ ನೋಡಿದೆ. ಮೊದಲ ಸಲ ಪರದೆ ಕಪ್ಪಗೇ ಉಳಿಯಿತು. ಮತ್ತೆ ಇಳಿಸಿಕೊಂಡು ಪೆನ್‌ಡ್ರೈವಿಗೆ ಹೊಸದಾಗಿ ಬರೆದ ಮೇಲೆ ಎದ್ದಿತು. ಒಳಗಿನ ಡಿಸ್ಕ್ ತೆರೆಯಬೇಕಾದರೆ ಶುರುವಿನಲ್ಲೇ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಬೇಕೆಂದು ಮೂರನೇ ಯತ್ನಕ್ಕೆ ತಿಳಿಯಿತು. ಕಣ್ಣು ಮುಚ್ಚಿದರೂ ಕೈ ನಡೆಯುವಷ್ಟು ಸಲ ಮಾಡಿದೆ. ಅಕ್ಕನ ಮನೆಯಲ್ಲಿ ಕಲಿಯಲು ಪುರುಸೊತ್ತು ಸಿಗುವುದಿಲ್ಲವೆಂದು ಗೊತ್ತಿತ್ತು.

ಮುಧೋಳಕ್ಕೆ, ಅಕ್ಕನ ಮನೆಗೆ ಹೋದದ್ದು ಒಂದು ಮಧ್ಯಾಹ್ನ, ಭಾವ ತನ್ನ ಗೊಬ್ಬರದ ಅಂಗಡಿಯಲ್ಲಿರುವ ಹೊತ್ತಿಗೆ. ಫೋನಿನಿಂದಲೂ ಅವನು ಕೇಳಿಸಿಕೊಂಡಾನೆಂದು ಅಕ್ಕ ತನ್ನ ಫೋನನ್ನು ಪಡಸಾಲೆಯ ಟಿವಿ ಮುಂದಿಟ್ಟು ಧಾರಾವಾಹಿಯ ದನಿ ಏರಿಸಿದಳು. ಒಳಕೋಣೆಯಲ್ಲಿ ನಾನು ಪೆನ್‌ಡ್ರೈವ್ ಹಾಕಿ ಲ್ಯಾಪ್‌ಟಾಪಿನ ಬಟನ್ ಒತ್ತಿದೆ. ಪೆನ್‌ಡ್ರೈವಿನಿಂದ ಶುರು ಮಾಡಲು ಒತ್ತಬೇಕಾದ ಕೀಲಿ ಅದರಲ್ಲಿ ನನ್ನ ಕಂಪ್ಯೂಟರಿನಂತೆ ಇರಲಿಲ್ಲ. ತಪ್ಪು ಕೀಲಿ ಒತ್ತಿದ್ದೆ. ವಿಂಡೋಸಿನ ಗುರುತು ಮೂಡಿತು. ಗಾಬರಿಯಲ್ಲಿ, ಅದು ಪೂರಾ ಏಳುವ ಮೊದಲೇ ಪೆನ್‌ಡ್ರೈವ್ ಕಿತ್ತೆ; ಎದ್ದು ಕೂತದ್ದನ್ನು ಬಟನ್ ಅದುಮಿ ಹಿಡಿದು ಆರಿಸಿದೆ.

ಪಡಸಾಲೆಯಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಭಾವನದೇ; ಲ್ಯಾಪ್‌ಟಾಪ್ ಎದ್ದದ್ದು ಅವನಿಗೆ ತಿಳಿದಿತ್ತು.

"ಹೂಂ ರಿ... ತಂಗಿ ಬಂದಾಳ್ರಿ. ಸೀರಿ ಡಿಸೈನ್ ತೋರಸ್ತೇನಿ ಅಂದ್ಳು, ಅದಕ್ಕ ಹಚ್ಚಿದ್ವಿ. ಚಾರ್ಜ್ ಇಲ್ರಿ, ಆರಿ ಹೋತು."

ಅವಳು ಫೋನನ್ನು ಅಲ್ಲೇ ಬಿಟ್ಟು ಒಳಗೆ ಬಂದಳು. "ಮನಿಗಿ ಬರಾಕತ್ತಾರ."

"ಬಿಡೂನೇನು ಅಕ್ಕಾ?"

ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನನ್ನು. "ಬ್ಯಾಡ. ಇವತ್ತ ಬಿಟ್ರ ನಾಳಿಂದ ಅದನ್ನ ಕಪಾಟಿನ್ಯಾಗ ಇಟ್ಟ ಕೀಲಿ ಹಾಕ್ತಾರ. ಲಗೂ ಮಾಡ."

ಪೆನ್‌ಡ್ರೈವ್ ಮತ್ತೆ ಹಾಕಿ, ಈ ಸಲ ಮೇಲಿನ ಸಾಲಿನ ಕೀಲಿಗಳನ್ನೆಲ್ಲ ಒಂದೊಂದಾಗಿ ಬಡಿದೆ. ಎಲ್ಲಿಂದ ಶುರುವಾಗಲಿ ಎಂದು ಕೇಳುವ ಪಟ್ಟಿ ಬಂತು. ಅದರಲ್ಲಿ ಪೆನ್‌ಡ್ರೈವನ್ನು ಆಯ್ದುಕೊಂಡೆ. ಲಿನಕ್ಸ್ ಎದ್ದಿತು; ಮೊದಲು ಪಾಸ್‌ವರ್ಡ್ ಇಟ್ಟೆ. ಡಿಸ್ಕ್ ತೆರೆಯಿತು, ಓದಲು ಮಾತ್ರ, ಬರೆಯಲು ಬಿಡುವುದಿಲ್ಲ ಎಂದಿತು. ನಮಗೆ ಓದಿದರೆ ಸಾಕಿತ್ತು. ಅಕ್ಕ ಬಗ್ಗಿ ಬೆರಳು ತೋರಿಸಿದಳು. ಹೋಳಿಗೆ, ಎಣ್ಣೆಗಾಯಿ, ಮಾದಲಿ. ನಡುವೆ ಅವಳ ತೋಳು, ಅವಳ ಬೆನ್ನು. ನಾನು ಆ ಫೋಟೋಗಳನ್ನು ನೋಡಿದ್ದು ಅದೇ ಮೊದಲು. ನೋಡುತ್ತ ಕೂರುವ ಹೊತ್ತಲ್ಲ. ಸರ್ಟಿಫಿಕೇಟಿನ ಸ್ಕ್ಯಾನುಗಳೂ ಸೇರಿ ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ಎಳೆದು ಹಾಕಿದೆ.

ಬೈಕು ಅಂಗಳಕ್ಕೆ ಬಂದು ನಿಂತ ಸದ್ದಾಯಿತು. ಕೊನೆಯ ಫೈಲು ಇಳಿದ ಕೂಡಲೇ ಎರಡನ್ನೂ ಕಿತ್ತೆ. ಪರದೆ ಆರಿತು. ಬಿಸಿಯಾಗಿದ್ದ ಪೆನ್‌ಡ್ರೈವುಗಳನ್ನು ಸೊಂಟದಲ್ಲಿ, ನಿರಿಗೆಯ ಒಳಗೆ ಸಿಗಿಸಿಕೊಂಡೆ.

ಭಾವ ನನಗೆ ನಗುತ್ತಲೇ "ಯಾವಾಗ ಬಂದಿ?" ಎಂದ. ಉತ್ತರಕ್ಕೆ ಕಾಯಲಿಲ್ಲ. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿ, ನಮ್ಮೆದುರೇ ಕೂತು ತೆರೆದ. ಏನೇನೋ ಒತ್ತಿ ನೋಡಿದ. ಅವನಿಗೆ ಸಿಕ್ಕಿದ್ದು ಒಮ್ಮೆ ಎದ್ದು ಒಮ್ಮೆ ಆರಿದ್ದು, ಅಷ್ಟೇ. ಅದನ್ನು ನಾವೇ ಹೇಳಿದ್ದೆವು.

"ಚಾರ್ಜ್ ಪೂರಾ ಐತಲ್ಲ?" ಎಂದ ತಲೆ ಎತ್ತದೆ.

"ನಾನ ಏನರ ತಪ್ಪ ಒತ್ತಿರಬೇಕ್ರಿ," ಎಂದೆ. "ನಂಗ ನಮ್ಮ ಮಷೀನ್ ಬಿಟ್ಟ ಬ್ಯಾರೆ ತಿಳಿಯೂದಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಮುಚ್ಚಳ ಮುಚ್ಚಿ, "ಚಹಾ ಕುಡದ ಹೋಗು," ಎಂದ. ಚಹಾ ಬಸಿಯಲ್ಲಿ ಸುರಿದುಕೊಂಡು ಒಂದೇ ಗುಟುಕಿಗೆ ಕುಡಿದು ಎದ್ದೆ. ಅಕ್ಕನನ್ನು ಆ ಮನೆಯಲ್ಲಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದದ್ದು ನನ್ನ ಬಾಳಿನ ಅತಿ ಉದ್ದದ ದಾರಿ.

ಮನೆಗೆ ಹೋಗದೆ ನೇರ ಜಮಖಂಡಿಗೆ ಹೋದೆ. ವಕೀಲೆ ಫೋಟೋಗಳನ್ನು ಒಂದೊಂದೇ ನೋಡಿ, ಕನ್ನಡಕ ತೆಗೆದು, "ಆಕಿನ್ನ ಮೊದಲ ಅಲ್ಲಿಂದ ಕರಕೊಂಡ್ ಬರ್ರಿ," ಎಂದರು. ಮರುದಿನವೇ ಅಪ್ಪ, ಕಾಕಾ, ನಾನು ಹೋಗಿ ಕರೆತಂದೆವು. ಭಾವ ಬಾಗಿಲಲ್ಲಿ ನಿಂತು ಬೈದ, ಅಡ್ಡ ಬರಲಿಲ್ಲ.

ಕೇಸು ಇನ್ನೂ ನಡೆದಿದೆ. ಸರ್ಟಿಫಿಕೇಟುಗಳ ನಕಲು ತರಿಸಲು ಆ ಸ್ಕ್ಯಾನುಗಳೇ ಸಾಕಾದವು. ಅಕ್ಕ ಈಗ ಬೀಳಗಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮೊನ್ನೆ ಇಬ್ಬರೂ ಗಲಗಲಿಯ ಹೊಳೆದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಒಬ್ಬ ಹುಡುಗಿ ಭಾಗಾಕಾರಕ್ಕೆ ಹೆದರಿ ಬೆಂಚಿನ ಕೆಳಗೆ ಅಡಗಿದ್ದ ಕತೆ ಹೇಳುತ್ತ ಅಕ್ಕ ನಕ್ಕಳು, ದೋಣಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.